ನಗರ ವಿಪತ್ತು ನಿರ್ವಹಣಾ ಯೋಜನೆ ಮತ್ತು ಅದರ ಪರಿಷ್ಕರಣೆ

ಪ್ರವಾಹ, ಬೆಂಕಿ ಅನಾಹುತ, ಕಟ್ಟಡ ಕುಸಿತ, ಭೂಕಂಪ, ಬಿಸಿಗಾಳಿ, ವಿಷಾನಿಲ ಸೋರಿಕೆ, ಸಾಂಕ್ರಾಮಿಕ ರೋಗ, ಕಾಲ್ತುಳಿತ ಮೊದಲಾದ ಆಪತ್ತುಗಳು ನಗರವೊಂದಕ್ಕೆ ಎದುರಾದಾಗ ಯಾರು, ಎಲ್ಲಿ, ಯಾವ ಸಲಕರಣೆ ಹಿಡಿದು, ಯಾರ ಆದೇಶದಂತೆ ಏನು ಮಾಡಬೇಕು ಎಂಬುದನ್ನು ಮುಂಚಿತವಾಗಿ ಗೊತ್ತುಪಡಿಸಿದ ದಾಖಲೆಯೇ ನಗರ ವಿಪತ್ತು ನಿರ್ವಹಣಾ ಯೋಜನೆ. ಊರು ಬೆಳೆದಂತೆ, ಆಡಳಿತ ಬದಲಾದಂತೆ, ಒಂದೊಂದು ಅನಾಹುತ ಒಂದೊಂದು ಪಾಠ ಕಲಿಸಿದಂತೆ ಆ ದಾಖಲೆಯನ್ನು ತಿದ್ದುತ್ತ ಹೋಗುವ ಕೆಲಸಕ್ಕೆ ಪರಿಷ್ಕರಣೆ ಎನ್ನುತ್ತಾರೆ. ಭಾರತದ ವಿಪತ್ತು ನಿರ್ವಹಣಾ ಕಾಯ್ದೆ, 2005ರ ಪ್ರಕಾರ ರಾಷ್ಟ್ರ, ರಾಜ್ಯ ಮತ್ತು ಜಿಲ್ಲಾ ಯೋಜನೆಗಳನ್ನು ವರ್ಷಕ್ಕೊಮ್ಮೆ ಪರಿಶೀಲಿಸಿ ತಿದ್ದಬೇಕು. ಪುಸ್ತಕ ತಿದ್ದುವುದು ಈ ಕೆಲಸದ ಸುಲಭದ ಭಾಗ. ಪುಸ್ತಕದಲ್ಲಿ ಹೆಸರಿರುವ ಪ್ರತಿಯೊಬ್ಬರಿಗೂ ತಮ್ಮ ಪಾಲಿನ ಕೆಲಸ ಏನೆಂದು ಗೊತ್ತಿರುವಂತೆ ಮಾಡುವುದೇ ಕಷ್ಟದ್ದು. ಈ ಲೇಖನ ಬೆಂಗಳೂರನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು ಪರಿಷ್ಕರಣೆಯ ಕಾನೂನು, ಕ್ರಮ ಮತ್ತು ಅನುಭವಗಳನ್ನು ಪರಿಚಯಿಸುತ್ತದೆ.

ಹಿನ್ನೆಲೆ

ಬೆಂಗಳೂರು ನಗರವಾಗಿ ಎದುರಿಸಿದ ಮೊದಲ ದೊಡ್ಡ ಆಧುನಿಕ ಆಪತ್ತು 1898ರ ಪ್ಲೇಗು. ರೋಗ ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬಂತು. ಆಗ ಇದ್ದ ಕಾನೂನು ಒಂದೇ, ಹಿಂದಿನ ವರ್ಷವಷ್ಟೇ ಜಾರಿಯಾಗಿದ್ದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಜನ ಮನೆ ಬಿಟ್ಟು ಊರಾಚೆ ಗುಡಿಸಲು, ಷೆಡ್ಡುಗಳಲ್ಲಿ ಉಳಿದರು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರತರಲು ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಅಲ್ಲಲ್ಲಿ ಉಳಿದಿರುವ ಪ್ಲೇಗಮ್ಮನ ಗುಡಿಗಳು ಆ ದಿನಗಳ ನೆನಪು. ಆಪತ್ತಿಗೆ ಉತ್ತರ ಹುಡುಕುವ ಭರದಲ್ಲಿ ಊರಿನ ನಕ್ಷೆಯೇ ಬದಲಾಗುತ್ತದೆ, ನಕ್ಷೆ ಬದಲಾದ ಮೇಲೆ ಮುಂದಿನ ಆಪತ್ತಿನ ಸ್ವರೂಪವೂ ಬದಲಾಗುತ್ತದೆ ಎಂಬುದು ಅಂದೇ ಕಂಡುಬಂದ ಸಂಗತಿ.

ಸ್ವಾತಂತ್ರ್ಯಾನಂತರವೂ ಬಹುಕಾಲ ವಿಪತ್ತು ನಿರ್ವಹಣೆಯೆಂದರೆ ಅನಾಹುತ ನಡೆದ ಮೇಲಿನ ಪರಿಹಾರ ಕಾರ್ಯ ಎಂದೇ ಅರ್ಥವಿತ್ತು. ಅದು ಕಂದಾಯ ಇಲಾಖೆಯ ಕೆಲಸ. ಅದರ ಗುರುತು ಶಾಲೆಯ ಕೋಣೆಗಳಲ್ಲಿ ತೆರೆಯುವ ಗಂಜಿ ಕೇಂದ್ರ. 1984ರ ಭೋಪಾಲ ಅನಿಲ ದುರಂತದ ತರುವಾಯ ಅಪಾಯಕಾರಿ ರಾಸಾಯನಿಕಗಳ ಬಗೆಗೆ 1989 ಮತ್ತು 1996ರಲ್ಲಿ ನಿಯಮಗಳು ಬಂದು, ಕಾರ್ಖಾನೆಯ ಒಳಗೊಂದು, ಹೊರಗೊಂದು ತುರ್ತು ಯೋಜನೆ ಇರಬೇಕೆಂಬುದು ಕಾನೂನಾಯಿತು. 1993ರ ಲಾತೂರು ಭೂಕಂಪ, 1999ರ ಒಡಿಶಾ ಚಂಡಮಾರುತ, 2001ರ ಭುಜ್ ಭೂಕಂಪ ಮತ್ತು 2004ರ ಸುನಾಮಿ ಒಂದರ ಹಿಂದೊಂದು ಬಂದಾಗ, ಪರಿಹಾರಕ್ಕಿಂತ ಪೂರ್ವಸಿದ್ಧತೆ ಮುಖ್ಯ ಎಂಬ ಮಾತಿಗೆ ಬಲ ಬಂತು. 2005ರ ಕಾಯ್ದೆ ಈ ಹಿನ್ನೆಲೆಯಲ್ಲಿ ಹುಟ್ಟಿತು. ಗಂಜಿ ಕೇಂದ್ರವನ್ನು ಕರ್ನಾಟಕದ ಆಡಳಿತ ಈಗ ಕಾಳಜಿ ಕೇಂದ್ರ ಎಂದು ಕರೆಯುತ್ತದೆ.

ಕಾನೂನಿನ ಚೌಕಟ್ಟು

2005ರ ಕಾಯ್ದೆ ಮೂರು ಹಂತದ ವ್ಯವಸ್ಥೆಯನ್ನು ಸ್ಥಾಪಿಸಿತು. ಪ್ರಧಾನಮಂತ್ರಿಯವರ ಅಧ್ಯಕ್ಷತೆಯ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ, ಮುಖ್ಯಮಂತ್ರಿಯವರ ಅಧ್ಯಕ್ಷತೆಯ ರಾಜ್ಯ ಪ್ರಾಧಿಕಾರ, ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರ. ಜಿಲ್ಲಾ ಯೋಜನೆಯಲ್ಲಿ ಏನಿರಬೇಕು ಎಂಬುದನ್ನು 31ನೆಯ ಪ್ರಕರಣ ಹೇಳುತ್ತದೆ. ಅದನ್ನು ವರ್ಷವರ್ಷವೂ ಪರಿಶೀಲಿಸಿ ತಿದ್ದಬೇಕೆಂಬ ವಿಧಿಯೂ ಅಲ್ಲಿಯೇ ಇದೆ. 41ನೆಯ ಪ್ರಕರಣ ನಗರಸಭೆ, ಮಹಾನಗರಪಾಲಿಕೆಗಳಂತಹ ಸ್ಥಳೀಯ ಸಂಸ್ಥೆಗಳ ಹೊಣೆಯನ್ನು ವಿವರಿಸುತ್ತದೆ. ರಾಷ್ಟ್ರೀಯ ಯೋಜನೆ ಮೊದಲ ಬಾರಿಗೆ ಹೊರಬಂದದ್ದು 2016ರಲ್ಲಿ. ಅದರ ಪರಿಷ್ಕೃತ ಆವೃತ್ತಿ 2019ರಲ್ಲಿ. ಕಾಯ್ದೆ ಬಂದ ಮೇಲೆ ಮೊದಲ ಯೋಜನೆಗೇ ಹತ್ತು ವರ್ಷ ಹಿಡಿದದ್ದನ್ನು ನೋಡಿದರೆ, ವಾರ್ಷಿಕ ಪರಿಷ್ಕರಣೆ ಎಂಬುದು ಕಾಗದದ ಮೇಲೆ ಎಷ್ಟು ಸರಳವೋ ಆಚರಣೆಯಲ್ಲಿ ಅಷ್ಟೇ ಕಠಿಣ ಎಂದು ತಿಳಿಯುತ್ತದೆ.

ಈ ವ್ಯವಸ್ಥೆಯಲ್ಲಿ ಜಿಲ್ಲೆಗೆ ಸ್ಥಾನವಿತ್ತು, ಮಹಾನಗರಕ್ಕೆ ಪ್ರತ್ಯೇಕ ಸ್ಥಾನವಿರಲಿಲ್ಲ. 2025ರ ತಿದ್ದುಪಡಿ ಆ ಕೊರತೆಯನ್ನು ತುಂಬುವ ಯತ್ನ. ರಾಜ್ಯದ ರಾಜಧಾನಿಗಳಿಗೆ ಮತ್ತು ಮಹಾನಗರಪಾಲಿಕೆ ಇರುವ ನಗರಗಳಿಗೆ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರಗಳನ್ನು ರಚಿಸಲು ಅದು ರಾಜ್ಯ ಸರ್ಕಾರಗಳಿಗೆ ಅಧಿಕಾರ ನೀಡಿದೆ. ಪಾಲಿಕೆಯ ಆಯುಕ್ತರು ಅದರ ಅಧ್ಯಕ್ಷರು, ಜಿಲ್ಲಾಧಿಕಾರಿ ಉಪಾಧ್ಯಕ್ಷರು. ದೆಹಲಿ ಮತ್ತು ಚಂಡೀಗಢ ಇದರ ವ್ಯಾಪ್ತಿಗೆ ಬರುವುದಿಲ್ಲ.

ನಗರಗಳ ನಡುವೆ ಅಧಿಕಾರದ ಹಂಚಿಕೆಯೂ ಒಂದೇ ರೀತಿ ಇಲ್ಲ. ಸಂವಿಧಾನದ ಹನ್ನೆರಡನೆಯ ಅನುಸೂಚಿ ಅಗ್ನಿಶಾಮಕ ಸೇವೆಯನ್ನು ನಗರಾಡಳಿತದ ವಿಷಯಗಳ ಪಟ್ಟಿಯಲ್ಲಿ ಸೇರಿಸಿದೆ. ಮುಂಬಯಿಯ ಅಗ್ನಿಶಾಮಕ ದಳ ಪಾಲಿಕೆಯ ಅಂಗವೇ ಆಗಿದೆ. ಬೆಂಗಳೂರಿನಲ್ಲಿ ಅದು ರಾಜ್ಯ ಸರ್ಕಾರದ ಇಲಾಖೆ. ನೀರು ಜಲಮಂಡಳಿಯದು, ವಿದ್ಯುತ್ತು ಬೆಸ್ಕಾಂನದು, ಸಂಚಾರ ಪೊಲೀಸರದು, ಮಳೆನೀರಿನ ರಾಜಕಾಲುವೆ ಪಾಲಿಕೆಯದು. ಆದ್ದರಿಂದ ಬೇರೆ ನಗರದ ಯೋಜನೆಯನ್ನು ನಕಲು ಮಾಡಿ ಹೆಸರು ಬದಲಿಸಿದರೆ ಆಗುವುದಿಲ್ಲ.

ಯೋಜನೆಯ ಅಂಗಗಳು

ನಗರ ಯೋಜನೆಯಲ್ಲಿ ಸಾಮಾನ್ಯವಾಗಿ ಆರು ಭಾಗಗಳಿರುತ್ತವೆ. ಮೊದಲನೆಯದು ಅಪಾಯದ ಲೆಕ್ಕ: ಯಾವ ತಗ್ಗು ಪ್ರದೇಶಕ್ಕೆ ನೀರು ನುಗ್ಗುತ್ತದೆ, ಯಾವ ಕಟ್ಟಡ ಶಿಥಿಲ, ಯಾವ ಗೋದಾಮಿನಲ್ಲಿ ಏನು ದಾಸ್ತಾನಿದೆ ಎಂಬ ವಿವರ. ಎರಡನೆಯದು ಹೊಣೆಗಾರಿಕೆಯ ಪಟ್ಟಿ, ಅಂದರೆ ಪ್ರತಿ ಇಲಾಖೆಯ ನೋಡಲ್ ಅಧಿಕಾರಿ ಯಾರು, ಅವರು ಸಿಗದಿದ್ದರೆ ಯಾರು ಎಂಬುದು. ಮೂರನೆಯದು ಸಂಪನ್ಮೂಲ ಪಟ್ಟಿ: ಪಂಪು, ಬೋಟು, ಕ್ರೇನು, ಜೆಸಿಬಿ, ಆಂಬುಲೆನ್ಸ್, ರಕ್ತನಿಧಿ. ನಾಲ್ಕನೆಯದು ಮುನ್ನೆಚ್ಚರಿಕೆ ಮತ್ತು ಸಂಪರ್ಕ. ಐದನೆಯದು ಜನರನ್ನು ಸ್ಥಳಾಂತರಿಸುವ ದಾರಿಗಳು ಮತ್ತು ಕಾಳಜಿ ಕೇಂದ್ರಗಳು. ಆರನೆಯದು ಆಪತ್ತು ಕಳೆದ ಮೇಲಿನ ಪುನರ್ವಸತಿ.

ಸ್ಥಳದಲ್ಲಿ ಆದೇಶ ಕೊಡುವವರು ಒಬ್ಬರೇ ಆಗಿರಬೇಕು ಎಂಬುದು ಇವೆಲ್ಲವನ್ನೂ ಹೊಲಿಯುವ ಎಳೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1970ರ ಕಾಡ್ಗಿಚ್ಚುಗಳ ವೇಳೆ ಹಲವು ದಳಗಳು ಒಂದೇ ಬೆಂಕಿಯನ್ನು ತಮ್ಮ ತಮ್ಮ ಆದೇಶದಂತೆ ಎದುರಿಸಹೋಗಿ ಉಂಟಾದ ಗೊಂದಲದಿಂದ ಈ ಕ್ರಮ ರೂಪುಗೊಂಡಿತು. ಭಾರತದ ರಾಷ್ಟ್ರೀಯ ಪ್ರಾಧಿಕಾರ 2010ರಲ್ಲಿ ಇದನ್ನು ಘಟನಾ ಸ್ಪಂದನಾ ವ್ಯವಸ್ಥೆ ಎಂಬ ಹೆಸರಿನಲ್ಲಿ ಇಲ್ಲಿಯ ಆಡಳಿತಕ್ಕೆ ಹೊಂದಿಸಿ ಮಾರ್ಗಸೂಚಿ ಹೊರಡಿಸಿತು.

ಯೋಜನೆ ಹಳತಾಗುವ ಬಗೆ

ಯೋಜನೆ ಅಚ್ಚಾದ ದಿನದಿಂದಲೇ ಹಳತಾಗತೊಡಗುತ್ತದೆ, ಆದರೆ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಅಲ್ಲ.

ಮೊದಲು ಹಾಳಾಗುವುದು ದೂರವಾಣಿ ಸಂಖ್ಯೆಗಳ ಪುಟ. ಅಧಿಕಾರಿಗಳ ವರ್ಗಾವಣೆಯೊಂದಿಗೆ ಹೆಸರು ಹೋಗುತ್ತದೆ, ಹೆಸರಿನೊಂದಿಗೆ ಮೊಬೈಲ್ ಸಂಖ್ಯೆಯೂ ಹೋಗುತ್ತದೆ. ಹುದ್ದೆಗೆ ಸೇರಿದ ಸಂಖ್ಯೆಗಳು ಹೆಚ್ಚು ಬಾಳುತ್ತವೆ: ಎಲ್ಲ ತುರ್ತಿಗೆ 112, ಆಂಬುಲೆನ್ಸಿಗೆ 108, ಬೆಂಕಿಗೆ 101, ಜಿಲ್ಲಾ ನಿಯಂತ್ರಣ ಕೊಠಡಿಗೆ 1077, ರಾಜ್ಯದ ಕೊಠಡಿಗೆ 1070. ಇಲ್ಲಿಯೂ ಎಡವುವ ಅವಕಾಶವಿದೆ. 1916 ಎಂಬ ಸಂಖ್ಯೆ ಬೆಂಗಳೂರಿನಲ್ಲಿ ಜಲಮಂಡಳಿಯದು. ಮುಂಬಯಿಯಲ್ಲಿ ಅದೇ ಸಂಖ್ಯೆ ಪಾಲಿಕೆಯ ವಿಪತ್ತು ನಿಯಂತ್ರಣ ಕೊಠಡಿಯದು.

ಎರಡನೆಯದು ನಕ್ಷೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ. ಪಕ್ಕದಲ್ಲಿ ದೊಡ್ಡ ನದಿಯಿಲ್ಲ. ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಮತ್ತು ವೃಷಭಾವತಿ ಕಣಿವೆಗಳಲ್ಲಿ ಕೆರೆಯಿಂದ ಕೆರೆಗೆ ಇಳಿಯುತ್ತ ಹೋಗಬೇಕು. ಭಾರತದ ಲೆಕ್ಕನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರು 2021ರಲ್ಲಿ ಮಂಡಿಸಿದ ವರದಿಯ ಪ್ರಕಾರ, ಕಳೆದ ಶತಮಾನದ ಆರಂಭದಲ್ಲಿ ಕೋರಮಂಗಲ ಕಣಿವೆಯಲ್ಲಿ 113.24 ಕಿ.ಮೀ. ಇದ್ದ ಕಾಲುವೆಗಳು 2016–17ರ ಹೊತ್ತಿಗೆ 62.84 ಕಿ.ಮೀ.ಗೆ ಇಳಿದಿದ್ದವು. ವೃಷಭಾವತಿ ಕಣಿವೆಯಲ್ಲಿ 226.29 ಕಿ.ಮೀ. ಇದ್ದದ್ದು 111.72 ಕಿ.ಮೀ. ಆಗಿತ್ತು. ಕಾಲುವೆ ಅರ್ಧಕ್ಕರ್ಧ ಮಾಯವಾದ ಮೇಲೂ ಹಳೆಯ ನಕ್ಷೆಯನ್ನು ನೆಚ್ಚಿದ ಯೋಜನೆ ನೀರು ಬರುವ ಜಾಗವನ್ನು ತಪ್ಪಾಗಿ ತೋರಿಸುತ್ತದೆ.

ಮೂರನೆಯದು ಸಂಸ್ಥೆಗಳ ಹೆಸರು ಮತ್ತು ಗಡಿ. 2007ರಲ್ಲಿ ರೂಪುಗೊಂಡ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜಾಗಕ್ಕೆ 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರಡಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳೂ ಬಂದವು. ಹಿಂದಿನ ಯೋಜನೆಯಲ್ಲಿ "ಬಿಬಿಎಂಪಿ ಮುಖ್ಯ ಆಯುಕ್ತರು" ಎಂದಿರುವ ಪ್ರತಿಯೊಂದು ಸಾಲಿಗೂ ಈಗ ಹೊಸ ಉತ್ತರ ಬೇಕು. ಮಳೆನೀರು ಪಾಲಿಕೆಯ ಗಡಿ ನೋಡಿ ಹರಿಯುವುದಿಲ್ಲ. ಮೆಜೆಸ್ಟಿಕ್ ಕಡೆ ಹುಟ್ಟಿ ಬೆಳ್ಳಂದೂರು ಕೆರೆ ಸೇರುವ ರಾಜಕಾಲುವೆಯ ಮೇಲ್ತುದಿ ನಗರದ ನಡುಮಧ್ಯದಲ್ಲಿದೆ, ಕೆಳತುದಿ ಪೂರ್ವದ ಅಂಚಿನಲ್ಲಿದೆ. ಮೇಲಿನವರು ಹೂಳು ತೆಗೆದರೆ ನೀರು ಕೆಳಗಿನವರಿಗೆ ಬೇಗ ತಲುಪುತ್ತದೆ. ಆ ಸುದ್ದಿಯೂ ನೀರಿನಷ್ಟೇ ಬೇಗ ತಲುಪಬೇಕು.

ಅದೇ ವರ್ಷ ಇನ್ನೊಂದು ತೊಡಕೂ ಸೇರಿಕೊಂಡಿತು. ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲಾಯಿತು. ಹೊಸ ಪಾಲಿಕೆಗಳಲ್ಲೊಂದರ ಹೆಸರೂ ಬೆಂಗಳೂರು ದಕ್ಷಿಣ. ಇದೇ ಹೆಸರಿನ ತಾಲ್ಲೂಕೂ ಲೋಕಸಭಾ ಕ್ಷೇತ್ರವೂ ಮೊದಲಿನಿಂದಲೇ ಇವೆ. ಶಾಂತ ಸಮಯದಲ್ಲಿ ಇದು ಅಂಚೆ ವಿಳಾಸದ ಸಣ್ಣ ಗೊಂದಲ. ನಡುರಾತ್ರಿ ನಿಯಂತ್ರಣ ಕೊಠಡಿಗೆ ಬಂದ ಕರೆಯಲ್ಲಿ "ಬೆಂಗಳೂರು ದಕ್ಷಿಣಕ್ಕೆ ಬೋಟ್ ಕಳಿಸಿ" ಎಂದರೆ, ಕರೆ ಸ್ವೀಕರಿಸಿದವರು ಕೇಳಬೇಕಾದ ಮರುಪ್ರಶ್ನೆ ಯಾವುದೆಂದು ಪರಿಷ್ಕೃತ ಯೋಜನೆ ಬರೆದಿಟ್ಟಿರಬೇಕು.

ಕೊನೆಯದಾಗಿ ಅಪಾಯದ ಸ್ವರೂಪವೇ ಬದಲಾಗುತ್ತದೆ. ಬಹುಮಹಡಿ ಕಟ್ಟಡ, ಮೆಟ್ರೊ ಸುರಂಗ, ಬೇಸ್‌ಮೆಂಟಿನಲ್ಲಿ ನಿಲ್ಲುವ ವಿದ್ಯುತ್ ವಾಹನಗಳು, ಓಣಿಗಳಲ್ಲೇ ದಾಸ್ತಾನು ಮಳಿಗೆಗಳು, ಒಂದು ಸಾಮಾಜಿಕ ಜಾಲತಾಣದ ಸಂದೇಶಕ್ಕೆ ಗಂಟೆಯೊಳಗೆ ಸೇರುವ ಜನಸಾಗರ: ಇವು ಇಪ್ಪತ್ತು ವರ್ಷದ ಹಿಂದಿನ ಯೋಜನೆಗಳ ಊಹೆಯಲ್ಲಿ ಇರಲಿಲ್ಲ.

ಬೆಂಗಳೂರಿನ ಆಪತ್ತುಗಳು ಕಲಿಸಿದ್ದು

1981ರ ಫೆಬ್ರವರಿ 7ರಂದು ನಗರದಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಹತ್ತಿ 92 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. 2010ರ ಫೆಬ್ರವರಿ 23ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದ ಬೆಂಕಿಯಲ್ಲಿ 9 ಮಂದಿ ತೀರಿಕೊಂಡರು. ಆ ದುರಂತದ ಬಳಿಕ ಬಹುಮಹಡಿ ಕಟ್ಟಡಗಳ ತುರ್ತು ದ್ವಾರ, ಮೆಟ್ಟಿಲು, ಬೆಂಕಿ ನಂದಿಸುವ ಸಲಕರಣೆಗಳ ಕುರಿತು ರಾಜ್ಯ ಸರ್ಕಾರ ನಿಯಮ ಬಿಗಿಗೊಳಿಸಿತು. 2023ರಲ್ಲಿ ಅಗ್ನಿಶಾಮಕ ಇಲಾಖೆಗೆ 90 ಮೀಟರ್ ಎತ್ತರಕ್ಕೆ ಏರಬಲ್ಲ ಏಣಿ ವಾಹನ ಬಂತು. ಸಲಕರಣೆ ಬಂದರೆ ಸಾಲದು. ಆ ಭಾರಿ ವಾಹನ ತಿರುಗಿ ನಿಲ್ಲಬಲ್ಲ ರಸ್ತೆ ಯಾವುದು, ಅಲ್ಲಿ ತಲೆಯ ಮೇಲೆ ತಂತಿಗಳಿವೆಯೇ ಎಂಬುದು ಯೋಜನೆಯ ನಕ್ಷೆಗೆ ಬಂದಾಗಲೇ ಅದರಿಂದ ಪ್ರಯೋಜನ.

2022ರ ಸೆಪ್ಟೆಂಬರ್ 4ರ ರಾತ್ರಿಯ ಮಳೆ ಬೆಂಗಳೂರಿನ ಪ್ರವಾಹ ಯೋಜನೆಗೆ ದೊಡ್ಡ ಪರೀಕ್ಷೆಯಾಯಿತು. ಮಾರನೆಯ ಬೆಳಿಗ್ಗೆಗೆ ಕೊನೆಗೊಂಡ 24 ಗಂಟೆಗಳಲ್ಲಿ ನಗರದಲ್ಲಿ 131.6 ಮಿ.ಮೀ. ಮಳೆ ದಾಖಲಾಯಿತು. ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಗಳಲ್ಲಿ ನೀರು ನಿಂತು, ಲಕ್ಷಾಂತರ ಜನ ದುಡಿಯುವ ಐಟಿ ವಲಯವೇ ಸ್ತಬ್ಧವಾಯಿತು. ಕೋಟಿಗಟ್ಟಲೆ ಬೆಲೆಯ ಮನೆಗಳ ಮಾಲೀಕರೂ ಟೆಕ್ಕಿಗಳೂ ಕೆಸರು ಮೆತ್ತಿದ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ನಿಂತು, ಪಕ್ಕದ ಕಂಬಿ ಹಿಡಿದು, ಲ್ಯಾಪ್‌ಟಾಪ್ ಚೀಲವನ್ನು ಎದೆಗವುಚಿಕೊಂಡು ಹೊರಬಂದರು. ಎತ್ತರದ ಚಕ್ರವಿರುವ, ಸುತ್ತಲಿನ ಹಳ್ಳಿಗಳಲ್ಲಿ ಸುಲಭವಾಗಿ ಸಿಗುವ ಟ್ರ್ಯಾಕ್ಟರೇ ಅಂದು ಪ್ರವಾಹದ ವಾಹನವಾಯಿತು. ಸಂಪನ್ಮೂಲ ಪಟ್ಟಿಯಲ್ಲಿ ಬೋಟಿನ ಪಕ್ಕದಲ್ಲಿ ಟ್ರ್ಯಾಕ್ಟರ್ ಮಾಲೀಕರ ಹೆಸರೂ ಇರಬೇಕೆಂಬುದು ಆ ದಿನದ ನೇರ ಪಾಠ.

ಅದೇ ಮಳೆ ನಗರದ ಹೊರಗೂ ಇನ್ನೊಂದು ಪಾಠ ಕಲಿಸಿತು. ಬೆಂಗಳೂರಿಗೆ ಕಾವೇರಿ ನೀರೆತ್ತುವ ಯಂತ್ರಾಗಾರಗಳಿರುವುದು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ. ಅಲ್ಲಿಗೆ ನೆರೆ ನುಗ್ಗಿ ಪಂಪುಗಳು ನಿಂತುಹೋದವು. ಹೀಗಾಗಿ ಅರ್ಧ ಊರು ನೀರಿನಲ್ಲಿ ಮುಳುಗಿರುವಾಗಲೇ ನಲ್ಲಿಯಲ್ಲಿ ನೀರಿಲ್ಲದ ಪರಿಸ್ಥಿತಿ ಉಂಟಾಯಿತು. ನಗರದ ಯೋಜನೆ ನಗರದ ಗಡಿಗೆ ನಿಲ್ಲಬಾರದು, ಅದರ ಜೀವನಾಡಿಗಳು ಹಾದುಬರುವ ದಾರಿಯುದ್ದಕ್ಕೂ ಹೋಗಬೇಕು ಎಂಬ ತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಮುಂದೆ 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ನೀರಿನ ಬರ, ಅದೇ ವರ್ಷ ಅಕ್ಟೋಬರಿನಲ್ಲಿ ಯಲಹಂಕದ ಅಪಾರ್ಟ್‌ಮೆಂಟುಗಳಿಗೆ ಕೆರೆ ನೀರು. ಬರ ಮತ್ತು ನೆರೆ ಎರಡನ್ನೂ ಒಂದೇ ವರ್ಷದಲ್ಲಿ ಕಾಣುವ ನಗರಕ್ಕೆ ಮುಂಗಾರು ಪೂರ್ವ ಸಿದ್ಧತೆಯ ಸಭೆಯೊಂದೇ ಸಾಲದಾಯಿತು.

2025ರ ಜೂನ್ 4ರಂದು ಐಪಿಎಲ್ ಗೆಲುವಿನ ಸಂಭ್ರಮಕ್ಕೆಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಸೇರಿದ ಜನರ ನಡುವೆ ಕಾಲ್ತುಳಿತವಾಗಿ 11 ಮಂದಿ ಪ್ರಾಣ ಬಿಟ್ಟರು. ಬಳಿಕ ಸರ್ಕಾರ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹ ಅವರ ಆಯೋಗವನ್ನು ನೇಮಿಸಿತು. ಜನಸಂದಣಿ ನಿಯಂತ್ರಣಕ್ಕೆ ಪ್ರತ್ಯೇಕ ಮಸೂದೆಯನ್ನೂ ಅದೇ ವರ್ಷ ವಿಧಾನಮಂಡಲದಲ್ಲಿ ಮಂಡಿಸಿತು. ಜಾತ್ರೆ, ತೇರುಗಳ ಜನದಟ್ಟಣೆಗೆ ದಿನಾಂಕ ಮೊದಲೇ ಗೊತ್ತಿರುತ್ತದೆ. ಗೆಲುವಿನ ಮೆರವಣಿಗೆಗೆ ಗೊತ್ತಿರುವುದಿಲ್ಲ. ಕೆಲವೇ ಗಂಟೆಗಳ ಸೂಚನೆಯಲ್ಲಿ ಸೇರುವ ಗುಂಪಿನ ಬಗ್ಗೆ ಯೋಜನೆಯಲ್ಲಿ ಒಂದು ಅಧ್ಯಾಯ ಬೇಕೆಂಬುದು ಈಗ ಚರ್ಚೆಯ ವಿಷಯವಾಗಿ ಉಳಿದಿಲ್ಲ.

ಮುನ್ನೆಚ್ಚರಿಕೆ

ಕರ್ನಾಟಕದ ವಿಪತ್ತು ಮಾಹಿತಿಯ ಬೆನ್ನೆಲುಬು ಬೆಂಗಳೂರಿನ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾದ ಇದು 2007ರಲ್ಲಿ ಈಗಿನ ಹೆಸರು ಪಡೆಯಿತು. ಗ್ರಾಮ ಪಂಚಾಯಿತಿ ಮಟ್ಟದವರೆಗೂ ಹಬ್ಬಿರುವ ಇದರ ಸ್ವಯಂಚಾಲಿತ ಮಳೆಮಾಪಕಗಳ ಜಾಲ ದೇಶದಲ್ಲೇ ಹೆಸರುವಾಸಿ. ರೈತರಿಗೆ ಇದು ವರುಣಮಿತ್ರ ಸಹಾಯವಾಣಿಯಿಂದ ಪರಿಚಿತ. ಬೆಂಗಳೂರಿನ ಮಳೆ ಮತ್ತು ನೆರೆ ಸೂಚನೆಗೆ ಭಾರತೀಯ ವಿಜ್ಞಾನ ಸಂಸ್ಥೆಯ ಜತೆಗೂಡಿ 2020ರಲ್ಲಿ ಇದು ಮೇಘ ಸಂದೇಶ ಎಂಬ ಆ್ಯಪ್ ಹೊರತಂದಿತು. ರಾಜಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಸಂವೇದಕಗಳೂ ಇವೆ. 2023ರ ಅಕ್ಟೋಬರಿನಲ್ಲಿ ರಾಜ್ಯದ ಮೊಬೈಲುಗಳೆಲ್ಲ ಒಮ್ಮೆಲೇ ವಿಚಿತ್ರವಾಗಿ ಕೂಗಿ ಜನ ಬೆಚ್ಚಿದ್ದು ಕೇಂದ್ರ ಸರ್ಕಾರದ ತುರ್ತು ಸಂದೇಶ ವ್ಯವಸ್ಥೆಯ ಪರೀಕ್ಷೆಯಾಗಿತ್ತು.

ಸೂಚನೆ ಬಂದರಷ್ಟೇ ಸಾಲದು, ಸೂಚನೆಗೂ ಕೆಲಸಕ್ಕೂ ಗಂಟು ಹಾಕಿರಬೇಕು. ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಎಂದು ಬಣ್ಣಗಳಲ್ಲಿ ಎಚ್ಚರಿಕೆ ಕೊಡುತ್ತದೆ. ಕಿತ್ತಳೆ ಬಂದರೆ ಯಾವ ಕೆಳಸೇತುವೆಯನ್ನು ಯಾರು ಅಡ್ಡಗಟ್ಟಬೇಕು, ಕಾಲುವೆಯ ಮಟ್ಟ ಎಷ್ಟೇರಿದರೆ ಯಾವ ಬೀದಿಯವರಿಗೆ ಮೈಕಿನಲ್ಲಿ ಕೂಗಿ ಹೇಳಬೇಕು, ಶಾಲೆಗೆ ರಜೆ ಸಾರುವವರು ಯಾರು ಎಂಬುದನ್ನು ಯೋಜನೆ ಹೇಳದಿದ್ದರೆ ಬಣ್ಣ ಟಿವಿ ಪರದೆಯ ಮೇಲೆ ಉಳಿಯುತ್ತದೆ.

ಬೇರೆ ನಗರಗಳ ಅನುಭವ

ಮುಂಬಯಿಯ ಸಾಂತಾಕ್ರೂಸಿನಲ್ಲಿ 2005ರ ಜುಲೈ 26–27ರಂದು 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿಯಿತು. ಅಲ್ಲಿನ ಹಳೆಯ ಚರಂಡಿ ವ್ಯವಸ್ಥೆ ಗಂಟೆಗೆ 25 ಮಿ.ಮೀ. ಮಳೆಗೆ ಲೆಕ್ಕ ಹಾಕಿ ಕಟ್ಟಿದ್ದು. ಅದನ್ನು 50 ಮಿ.ಮೀ.ಗೆ ಏರಿಸಬೇಕೆಂಬ ವರದಿ 1993ರಿಂದಲೇ ಕೈಯಲ್ಲಿತ್ತು. ಕೆಲಸ ಚುರುಕಾದದ್ದು ದುರಂತದ ತರುವಾಯ. ರಾಷ್ಟ್ರೀಯ ಪ್ರಾಧಿಕಾರ ನಗರ ಪ್ರವಾಹವನ್ನು ನದಿ ಪ್ರವಾಹದಿಂದ ಬೇರೆಯಾದ ವಿಪತ್ತೆಂದು ಗುರುತಿಸಿ 2010ರಲ್ಲಿ ಮಾರ್ಗಸೂಚಿ ಹೊರಡಿಸಲು ಈ ಘಟನೆ ಪ್ರೇರಣೆ. 2020ರಲ್ಲಿ ಮುಂಬಯಿಗೆ ಐಫ್ಲೋಸ್ ಎಂಬ ಪ್ರವಾಹ ಮುನ್ಸೂಚನಾ ವ್ಯವಸ್ಥೆ ಬಂತು.

ಸೂರತ್ತಿನಲ್ಲಿ 2006ರ ಆಗಸ್ಟಿನಲ್ಲಿ, ಚೆನ್ನೈಯಲ್ಲಿ 2015ರ ಡಿಸೆಂಬರಿನಲ್ಲಿ ಮೇಲಿನ ಜಲಾಶಯದಿಂದ ಬಿಟ್ಟ ನೀರು ಕೆಳಗಿನ ನಗರವನ್ನು ಮುಳುಗಿಸಿತು: ಅಲ್ಲಿ ಉಕಾಯ್ ಅಣೆಕಟ್ಟು ಮತ್ತು ತಾಪಿ ನದಿ, ಇಲ್ಲಿ ಚೆಂಬರಂಬಾಕ್ಕಂ ಮತ್ತು ಅಡ್ಯಾರ್. ಎರಡೂ ಕಡೆ ಅಣೆಕಟ್ಟಿನವರಿಗೂ ನಗರಾಡಳಿತಕ್ಕೂ ನಡುವಿನ ಮಾತುಕತೆಯೇ ಪರಿಷ್ಕರಣೆಯ ಕೇಂದ್ರ ಪ್ರಶ್ನೆಯಾಯಿತು.

ವಾರ್ಷಿಕ ಪರಿಷ್ಕರಣೆಗೆ ಒಳ್ಳೆಯ ಮಾದರಿ ಅಹಮದಾಬಾದು. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ತಾಪಮಾನ 46.8 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಆ ತಿಂಗಳು ವಾಡಿಕೆಗಿಂತ 1,344 ಸಾವು ಹೆಚ್ಚಾಗಿದ್ದವೆಂದು ಸಂಶೋಧಕರು ಲೆಕ್ಕ ಹಾಕಿದರು. 2013ರಲ್ಲಿ ಅಲ್ಲಿನ ಪಾಲಿಕೆ ದಕ್ಷಿಣ ಏಷ್ಯಾದ ಮೊದಲ ಬಿಸಿಲು ಕ್ರಿಯಾ ಯೋಜನೆಯನ್ನು ಜಾರಿಗೆ ತಂದಿತು. ಅಷ್ಟಕ್ಕೇ ಸುಮ್ಮನಾಗದೆ ಬೇಸಿಗೆ ಮುಗಿದ ಮೇಲೆ ಆಸ್ಪತ್ರೆ, ಆಂಬುಲೆನ್ಸ್ ಮತ್ತು ಸಾವಿನ ಅಂಕಿಗಳನ್ನು ಎದುರಿಗಿಟ್ಟುಕೊಂಡು ಯೋಜನೆ ತಿದ್ದುವ ಪರಿಪಾಠ ಬೆಳೆಯಿತು. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಯೋಜನೆಯಿಂದ ವರ್ಷಕ್ಕೆ ಸರಾಸರಿ 1,190 ಸಾವು ತಪ್ಪಿದವೆಂದು ಅಂದಾಜಿಸಿತು. ದೊಡ್ಡ ಖರ್ಚಿನ ಕಟ್ಟಡವಾಗಲಿ ಯಂತ್ರವಾಗಲಿ ಇಲ್ಲಿ ಬೇಕಾಗಲಿಲ್ಲ. ಕುಡಿಯುವ ನೀರು, ನೆರಳು, ಕೆಲಸದ ವೇಳೆಯ ಬದಲಾವಣೆ, ವೈದ್ಯರಿಗೆ ತರಬೇತಿ, ಎಲ್ಲಕ್ಕಿಂತ ಮಿಗಿಲಾಗಿ ಸಮಯಕ್ಕೆ ಸರಿಯಾದ ಎಚ್ಚರಿಕೆ ಸಾಕಾದವು.

ಅಮೆರಿಕದ ನ್ಯೂ ಆರ್ಲಿಯನ್ಸ್ ಇದಕ್ಕೆ ವಿರುದ್ಧವಾದ ನಿದರ್ಶನ. 2004ರ ಜುಲೈನಲ್ಲಿ ಅಧಿಕಾರಿಗಳು ಪ್ಯಾಮ್ ಎಂಬ ಕಲ್ಪಿತ ಚಂಡಮಾರುತವನ್ನು ಮುಂದಿಟ್ಟುಕೊಂಡು ನಗರ ಮುಳುಗುವ ಸನ್ನಿವೇಶವನ್ನು ಅಭ್ಯಾಸ ಮಾಡಿದ್ದರು. ಅಲ್ಲಿ ಕಂಡ ಲೋಪಗಳನ್ನು ತುಂಬುವ ಮುಂದಿನ ಕೆಲಸ ಪೂರ್ತಿಯಾಗುವ ಮೊದಲೇ, 2005ರ ಆಗಸ್ಟ್ 29ರಂದು ನಿಜವಾದ ಕತ್ರಿನಾ ಬಂದು ಅಪ್ಪಳಿಸಿತು. ಸ್ವಂತ ವಾಹನವಿಲ್ಲದ ಸಾವಿರಾರು ಜನ ಊರಲ್ಲೇ ಸಿಕ್ಕಿಬಿದ್ದರು. ಸಾಕುಪ್ರಾಣಿಗಳನ್ನು ಬಿಟ್ಟು ಬರುವುದಿಲ್ಲವೆಂದು ಉಳಿದವರೂ ಇದ್ದರು. ಆದ್ದರಿಂದ 2006ರಲ್ಲಿ ಸ್ಥಳಾಂತರ ಯೋಜನೆಗಳಲ್ಲಿ ಸಾಕುಪ್ರಾಣಿಗಳಿಗೂ ಜಾಗವಿರಬೇಕೆಂಬ ಕಾನೂನು ಬಂತು. ಹಸು, ಎಮ್ಮೆ ಬಿಟ್ಟು ಕಾಳಜಿ ಕೇಂದ್ರಕ್ಕೆ ಬರಲೊಪ್ಪದ ಕೃಷ್ಣಾ ತೀರದ ರೈತರನ್ನು ಕಂಡವರಿಗೆ ಇದು ಹೊಸತಲ್ಲ.

ಜಪಾನು 1923ರ ಸೆಪ್ಟೆಂಬರ್ 1ರ ಕಾಂಟೊ ಭೂಕಂಪದ ದಿನವನ್ನು 1960ರಿಂದ ವಿಪತ್ತು ತಡೆ ದಿನವಾಗಿ ಆಚರಿಸುತ್ತ ಬಂದಿದೆ. ಅಂದು ದೇಶದೆಲ್ಲೆಡೆ ಅಣಕು ಕಾರ್ಯಾಚರಣೆ ನಡೆಯುತ್ತದೆ. ಪರಿಷ್ಕರಣೆಗೆ ಪಂಚಾಂಗದಲ್ಲೇ ದಿನ ಗೊತ್ತುಮಾಡಿದರೆ ಅದು ಮರೆತುಹೋಗುವುದಿಲ್ಲ ಎಂಬುದು ಅಲ್ಲಿಯ ಸರಳ ಉಪಾಯ.

ಪರಿಷ್ಕರಣೆಯ ಕ್ರಮ

ಒಳ್ಳೆಯ ಪರಿಷ್ಕರಣೆ ಹಿಂದಿನ ಘಟನೆಯ ವಿಮರ್ಶೆಯಿಂದ ಶುರುವಾಗುತ್ತದೆ. ಕರೆ ಎಷ್ಟು ಗಂಟೆಗೆ ಬಂತು, ಮೊದಲ ವಾಹನ ಎಷ್ಟಕ್ಕೆ ಹೊರಟಿತು, ಎಲ್ಲಿ ತಡವಾಯಿತು ಎಂಬ ಗಡಿಯಾರದ ಲೆಕ್ಕ ಇದರ ಆಧಾರ. ತಪ್ಪು ಯಾರದೆಂದು ಹುಡುಕುವ ವಿಚಾರಣೆ ಬೇರೆ, ತಪ್ಪು ಎಲ್ಲಿ ಆಯಿತೆಂದು ಹುಡುಕುವ ಈ ವಿಮರ್ಶೆ ಬೇರೆ. ಎರಡನ್ನೂ ಬೆರೆಸಿದರೆ ಯಾರೂ ನಿಜ ಹೇಳುವುದಿಲ್ಲ. ಆಮೇಲೆ ಅಪಾಯದ ನಕ್ಷೆಯನ್ನು ಸ್ಥಳಕ್ಕೆ ಹೋಗಿ ತಾಳೆ ನೋಡಲಾಗುತ್ತದೆ. ಮಳೆ ಬಂದರೆ ನೀರು ಎಲ್ಲಿಯವರೆಗೆ ಏರುತ್ತದೆಂದು ಉಪಗ್ರಹ ಚಿತ್ರಕ್ಕಿಂತ ಮೊದಲು ಹೇಳಬಲ್ಲವರು ಆ ಬೀದಿಯ ಅಂಗಡಿಯವರು, ಪೌರಕಾರ್ಮಿಕರು ಮತ್ತು ಲೈನ್‌ಮನ್‌ಗಳು. ಒಂಟಿಯಾಗಿರುವ ವೃದ್ಧರು, ಅಂಗವಿಕಲರು, ಗರ್ಭಿಣಿಯರು, ಡಯಾಲಿಸಿಸ್ ರೋಗಿಗಳು, ಕನ್ನಡ ಬಾರದ ವಲಸೆ ಕಾರ್ಮಿಕರ ಷೆಡ್ಡುಗಳು ಎಲ್ಲಿವೆ ಎಂಬ ವಿವರವೂ ಈ ಹಂತದಲ್ಲಿ ಸೇರಬೇಕು.

ಮೂರನೆಯ ಹಂತ ಇಲಾಖೆಗಳ ಸಭೆ. ಇಲ್ಲಿ ಹೊರಬರುವ ಮುಖ್ಯ ಸಂಗತಿ ಒಂದೇ ಸಂಪನ್ಮೂಲವನ್ನು ಹಲವರು ನೆಚ್ಚಿರುವುದು: ಒಂದೇ ಶಾಲೆ ಒಂದು ಇಲಾಖೆಯ ಕಡತದಲ್ಲಿ ಕಾಳಜಿ ಕೇಂದ್ರ, ಇನ್ನೊಂದರಲ್ಲಿ ಲಸಿಕಾ ಕೇಂದ್ರ, ಮತ್ತೊಂದರಲ್ಲಿ ಮತಗಟ್ಟೆ. ನಾಲ್ಕನೆಯದು ಕರಡನ್ನು ಅಭ್ಯಾಸಕ್ಕೆ ಒಡ್ಡುವುದು. ಕೊನೆಯದು ಅನುಮೋದನೆ ಮತ್ತು ಹಂಚಿಕೆ. ಆವೃತ್ತಿಯ ಸಂಖ್ಯೆಯೂ ದಿನಾಂಕವೂ ಪ್ರತಿ ಪುಟದಲ್ಲಿರಬೇಕು. ಹಳೆಯ ಪ್ರತಿಗಳನ್ನು ವಾಪಸು ಪಡೆಯಬೇಕು. ಎರಡು ಆವೃತ್ತಿಗಳು ಒಟ್ಟಿಗೆ ಚಾಲ್ತಿಯಲ್ಲಿದ್ದರೆ ಯೋಜನೆಯೇ ಇಲ್ಲದಿರುವುದಕ್ಕಿಂತ ಹೆಚ್ಚು ಗೊಂದಲ.

ಅಣಕು ಕಾರ್ಯಾಚರಣೆ

ಅಭ್ಯಾಸಗಳಲ್ಲಿ ಎರಡು ಬಗೆ. ಮೇಜಿನ ಸುತ್ತ ಕುಳಿತು ನಡೆಸುವುದು ಒಂದು. ಬೀದಿಗಿಳಿದು ನಡೆಸುವುದು ಇನ್ನೊಂದು. ಮೊದಲನೆಯದರಲ್ಲಿ ನಡೆಸಿಕೊಡುವವರು ಒಂದೊಂದೇ ಚೀಟಿ ಮೇಜಿನ ಮೇಲಿಡುತ್ತಾರೆ. "ರಾತ್ರಿ 1.40. ಕೆರೆ ಕೋಡಿ ಹರಿದಿದೆ." ಮುಂದಿನ ಚೀಟಿ: "ವಿದ್ಯುತ್ ಕಡಿತ. ಆಸ್ಪತ್ರೆಯ ಜನರೇಟರ್ ಬೇಸ್‌ಮೆಂಟಿನಲ್ಲಿದೆ." ಅದರ ಮುಂದಿನದು: "ನಿಮ್ಮ ಫೋನಿಗೆ ಸಿಗ್ನಲ್ ಇಲ್ಲ." ಮೂರನೆಯ ಚೀಟಿಗೆ ಬರುವ ಹೊತ್ತಿಗೆ ಕೋಣೆ ಸಾಮಾನ್ಯವಾಗಿ ಮೌನವಾಗುತ್ತದೆ. ಆ ಮೌನವನ್ನು ಬರೆದುಕೊಂಡರೆ ತಿದ್ದಬೇಕಾದ ಪುಟ ಸಿಕ್ಕಂತೆ.

ಅಪಾಯಕಾರಿ ರಾಸಾಯನಿಕ ಬಳಸುವ ಕಾರ್ಖಾನೆಗಳು ತಮ್ಮ ಆವರಣದೊಳಗಿನ ಯೋಜನೆಯನ್ನು ಆರು ತಿಂಗಳಿಗೊಮ್ಮೆ, ಜಿಲ್ಲಾಡಳಿತ ಹೊರಗಿನ ಯೋಜನೆಯನ್ನು ವರ್ಷಕ್ಕೊಮ್ಮೆ ಅಭ್ಯಾಸ ಮಾಡಬೇಕೆಂದು ನಿಯಮವಿದೆ. 2025ರ ಮೇ 7ರಂದು ದೇಶದಾದ್ಯಂತ ನಡೆದ ಪೌರರಕ್ಷಣಾ ಅಣಕು ಕಾರ್ಯಾಚರಣೆಗೆ ಕರ್ನಾಟಕದಲ್ಲಿ ಬೆಂಗಳೂರು, ಕಾರವಾರ ಮತ್ತು ರಾಯಚೂರು ಆಯ್ಕೆಯಾಗಿದ್ದವು. ಮೊದಲೇ ಸಾರಿ, ಕ್ಯಾಮೆರಾ ಕರೆಸಿ, ಸರಾಗವಾಗಿ ಮುಗಿಯುವ ಅಣಕು ಪ್ರದರ್ಶನ ಜನಜಾಗೃತಿಗೆ ಒಳ್ಳೆಯದು. ಯೋಜನೆಯ ಲೋಪ ತೋರಿಸುವುದು ಎಡವಟ್ಟಾದ ಅಣಕು ಮಾತ್ರ.

ಹಣಕಾಸು

ಹದಿನೈದನೆಯ ಹಣಕಾಸು ಆಯೋಗ 2021–26ರ ಅವಧಿಗೆ ರಾಜ್ಯಗಳ ವಿಪತ್ತು ನಿಧಿಗಳಿಗೆ ಒಟ್ಟು 1,60,153 ಕೋಟಿ ರೂಪಾಯಿ ಶಿಫಾರಸು ಮಾಡಿತು. ಇದರಲ್ಲಿ ಶೇ 40 ಸ್ಪಂದನೆ ಮತ್ತು ಪರಿಹಾರಕ್ಕೆ, ಶೇ 30 ಪುನರ್ನಿರ್ಮಾಣಕ್ಕೆ, ಶೇ 20 ಅಪಾಯ ತಗ್ಗಿಸುವ ಕೆಲಸಕ್ಕೆ, ಶೇ 10 ಪೂರ್ವಸಿದ್ಧತೆಗೆ. ನಗರ ಪ್ರವಾಹ ತಡೆಗೆಂದೇ ಏಳು ನಗರಗಳಿಗೆ 2,500 ಕೋಟಿ ರೂಪಾಯಿ ತೆಗೆದಿಡಲಾಯಿತು: ಮುಂಬಯಿ, ಚೆನ್ನೈ, ಕೋಲ್ಕತ್ತಗಳಿಗೆ ತಲಾ 500 ಕೋಟಿ, ಬೆಂಗಳೂರು, ಹೈದರಾಬಾದ್, ಅಹಮದಾಬಾದ್, ಪುಣೆಗಳಿಗೆ ತಲಾ 250 ಕೋಟಿ. ಕಾಂಕ್ರೀಟಿಗೆ ಹಣ ಸಿಗುವಷ್ಟು ಸುಲಭವಾಗಿ ತರಬೇತಿ, ಅಭ್ಯಾಸ, ಪರಿಷ್ಕರಣೆಗಳಿಗೆ ಸಿಗುವುದಿಲ್ಲ.

ಕೊರತೆಗಳು ಮತ್ತು ಚರ್ಚೆ

ಯೋಜನೆಗಳ ಮೇಲಿರುವ ಸಾಮಾನ್ಯ ಟೀಕೆ ಮೂರು. ಅವು ಹಿಂದಿನ ಆಪತ್ತನ್ನೇ ಮುಂದಿನದೆಂದು ಭಾವಿಸುತ್ತವೆ. ಅಧಿಕಾರಿಗಳಿಗಾಗಿ ಬರೆದ ದಪ್ಪ ಪುಸ್ತಕಗಳಾಗಿದ್ದು, ವಾರ್ಡಿನ ಜನರಿಗೆ ಅರ್ಥವಾಗುವ ಎರಡು ಪುಟಗಳ ಕನ್ನಡ ಪ್ರತಿ ಅಪರೂಪ. ಒತ್ತುವರಿ, ಕೆರೆಯಂಗಳದ ಬಡಾವಣೆ, ಅಕ್ರಮ ಮಹಡಿಗಳಂತಹ ಮೂಲ ಕಾರಣಗಳನ್ನು ಮುಟ್ಟದೆ, ಅವುಗಳ ಪರಿಣಾಮವನ್ನಷ್ಟೇ ನಿಭಾಯಿಸಹೊರಡುತ್ತವೆ. 2015ರ ಸೆಂಡಾಯ್ ಜಾಗತಿಕ ಒಪ್ಪಂದ ವಿಪತ್ತಿನ ನಿರ್ವಹಣೆಯಿಂದ ವಿಪತ್ತಿನ ಅಪಾಯದ ನಿರ್ವಹಣೆಯ ಕಡೆಗೆ ಒತ್ತು ಹೊರಳಿಸಿದ್ದು ಈ ಮೂರನೆಯ ಟೀಕೆಗೆ ಉತ್ತರವಾಗಿ.

ಮೊದಲು ಮುಗ್ಗರಿಸುವುದು ದೂರವಾಣಿ ಸಂಖ್ಯೆಗಳ ಪಟ್ಟಿಯೇ ಆದ್ದರಿಂದ, ಪರೀಕ್ಷೆಯೂ ಅಲ್ಲಿಂದಲೇ ಶುರುವಾಗಬಹುದು. ಯಾವುದೇ ನಗರದ ಯೋಜನೆ ಜೀವಂತವಾಗಿದೆಯೇ ಎಂದು ತಿಳಿಯಲು, ಅದರಲ್ಲಿರುವ ಸಂಖ್ಯೆಗಳಿಗೆಲ್ಲ ಒಂದು ಭಾನುವಾರ ರಾತ್ರಿ ಎರಡು ಗಂಟೆಗೆ ಕರೆ ಮಾಡಿ ನೋಡಬಹುದು. ಎಷ್ಟು ಕಡೆ ಫೋನು ಎತ್ತುತ್ತಾರೆ, ಎತ್ತಿದವರಲ್ಲಿ ಎಷ್ಟು ಮಂದಿಗೆ ತಮ್ಮ ಹೆಸರು ಆ ಪಟ್ಟಿಯಲ್ಲಿದೆಯೆಂದು ಗೊತ್ತು ಎಂಬ ಎರಡು ಅಂಕಿಗಳು ಸಿಕ್ಕರೆ, ಮುಂದಿನ ವರ್ಷದ ಪರಿಷ್ಕರಣೆಯನ್ನು ಎಲ್ಲಿಂದ ಆರಂಭಿಸಬೇಕೆಂಬುದೂ ಸಿಕ್ಕಂತಾಯಿತು.